ಕಡಲಿಗೆ ಮುಖಮಾಡಿದ ಕೋಣೆ: ಮೂರು ರಾತ್ರಿಗಳ ವಾಸ, ಎರಡನೇ ಹಂತಕ್ಕೊಂದು ಆಕ್ಷೇಪಣೆ

ಸಮುದ್ರತೀರದ ರೆಸಾರ್ಟೊಂದರಲ್ಲಿ ಮೂರು ರಾತ್ರಿ ತಂಗಿ ಬಂದವರು ಬರೆಯುವ ವಿಮರ್ಶೆ ಸಾಮಾನ್ಯವಾಗಿ ಹಾಸಿಗೆಯ ಮೆತ್ತನೆಯಿಂದ ತೊಡಗಿ ಸಿಬ್ಬಂದಿಯ ಸೌಜನ್ಯದಲ್ಲಿ ಮುಗಿಯುತ್ತದೆ. ಈ ಎರಡರ ಬಗ್ಗೆಯೂ ನನ್ನ ದೂರೇನೂ ಇಲ್ಲ. ಕೋಣೆ ಚೊಕ್ಕವಾಗಿತ್ತು, ಬಿಸಿನೀರು ಹೇಳಿದ ಹೊತ್ತಿಗೆ ಬರುತ್ತಿತ್ತು, ಸಾಮಾನು ಹೊತ್ತು ತಂದ ಹುಡುಗ ಮರುದಿನವೂ ನನ್ನ ಹೆಸರನ್ನು ನೆನಪಿಟ್ಟುಕೊಂಡಿದ್ದ. ಐದರಲ್ಲಿ ನಾಲ್ಕು ಅಂಕ ಕೊಡಲು ಅಡ್ಡಿಯಿಲ್ಲ. ಹಾಗಿದ್ದೂ ಆ ರೆಸಾರ್ಟಿಗೆ ಹೋಗಿ ಎಂದು ನಾನು ಯಾರಿಗೂ ಹೇಳುತ್ತಿಲ್ಲ. ಅದು ಕಟ್ಟಹೊರಟಿರುವ ಎರಡನೇ ಹಂತದ ಕಟ್ಟಡಗಳಿಗೆ ಅನುಮತಿ ಕೊಡಬಾರದೆಂದು ಸಂಬಂಧಪಟ್ಟ ಪ್ರಾಧಿಕಾರಕ್ಕೆ ಲಿಖಿತ ಆಕ್ಷೇಪಣೆಯನ್ನೂ ಸಲ್ಲಿಸಿದ್ದೇನೆ. ಅರ್ಜಿ ಇನ್ನೂ ಪರಿಶೀಲನೆಯಲ್ಲಿರುವುದರಿಂದ ರೆಸಾರ್ಟಿನ ಹೆಸರನ್ನೂ ಅದಿರುವ ಜಾಗವನ್ನೂ ಬೇಕೆಂದೇ ಬಿಟ್ಟಿದ್ದೇನೆ. ಕಡಲಂಚಿನ ಯಾವ ರೆಸಾರ್ಟಿನಲ್ಲಿ ಉಳಿದವರಿಗೂ ಈ ಬರೆಹದ ಅರ್ಧದಷ್ಟಾದರೂ ತಮ್ಮದೇ ಅನುಭವವೆಂದು ತೋರಿದರೆ ನನಗೆ ಆಶ್ಚರ್ಯವಾಗದು.

ಅವರ ಕರಪತ್ರದಲ್ಲಿ ಹನ್ನೆರಡು ಚಿತ್ರಗಳಿವೆ. ಮೂರು ಕೋಣೆಯವು, ಉಳಿದ ಒಂಬತ್ತು ಕಡಲು, ಮರಳು, ಸೂರ್ಯಾಸ್ತ, ದಡಕ್ಕೆಳೆದ ದೋಣಿಗಳು ಮತ್ತು ಮರಳುದಿಬ್ಬದ ಮೇಲೆ ಗಾಳಿಗೆ ಬಾಗಿ ಬೆಳೆದ ಮರಗಳವು. ಗಿರಾಕಿ ಹಣ ತೆರುವುದು ಯಾವುದಕ್ಕೆಂಬುದು ಈ ಲೆಕ್ಕದಲ್ಲೇ ಇದೆ. ಅಂಥ ಕೋಣೆ ಯಾವ ಪಟ್ಟಣದಲ್ಲಾದರೂ ಸಿಗುತ್ತದೆ, ಬಹುಶಃ ಇನ್ನೂ ಅಗ್ಗಕ್ಕೇ ಸಿಗುತ್ತದೆ. ಆ ಒಂಬತ್ತು ಚಿತ್ರಗಳಲ್ಲಿರುವುದನ್ನು ರೆಸಾರ್ಟು ಕಟ್ಟಿದ್ದಲ್ಲ, ಕೊಂಡದ್ದೂ ಅಲ್ಲ, ಅದರ ಆಸ್ತಿಪಟ್ಟಿಯಲ್ಲಿ ಅದು ಸೇರಿರುವುದೂ ಸಾಧ್ಯವಿಲ್ಲ. ಆದರೆ ಮಾರಾಟವಾಗುತ್ತಿರುವುದು ಅದೇ. ಆದ್ದರಿಂದ, ಮಾರುವವರು ಆ ಸರಕನ್ನು ಹೇಗೆ ಇಟ್ಟುಕೊಂಡಿದ್ದಾರೆಂದು ನೋಡುವುದು ವಿಮರ್ಶೆಗೆ ಹೊರಗಿನ ಮಾತಾಗಲಾರದು.

ಮೊದಲ ದಿನ ಬೆಳಕು ಹರಿಯುವ ಮುನ್ನವೇ ಎಂಜಿನ್ನಿನ ಸದ್ದಿಗೆ ಎಚ್ಚರವಾಯಿತು. ಚಿಕ್ಕ ಟ್ರ್ಯಾಕ್ಟರೊಂದು ಹಲ್ಲುಹಲ್ಲಿನ ಕುಂಟೆಯನ್ನೆಳೆಯುತ್ತ ತೀರದುದ್ದಕ್ಕೂ ಸಾಗಿ, ರಾತ್ರಿ ಅಲೆಗಳು ತಂದು ಹಾಕಿದ್ದ ಕಡಲಪಾಚಿ, ಕಡ್ಡಿಕಸ, ಚಿಪ್ಪುಗಳನ್ನೆಲ್ಲ ಬಾಚಿ ರಾಶಿ ಹಾಕುತ್ತಿತ್ತು. ಎಂಟು ಗಂಟೆಯ ಹೊತ್ತಿಗೆ ಮರಳು ಹೊಸದಾಗಿ ಹಾಸಿದ ಚಾಪೆಯಂತೆ ಕಾಣುತ್ತಿತ್ತು, ಅತಿಥಿಗಳು ಮೆಚ್ಚಿ ಫೋಟೋ ತೆಗೆದುಕೊಂಡರು. ಕಸವೆಂದು ಬಾಚಿದ ಆ ಪಾಚಿಯ ಸಾಲೇ ಮರಳುಜಿಗಿಹುಳುಗಳಿಗೂ ಏಡಿಗಳಿಗೂ ಅನ್ನ. ಅವುಗಳನ್ನು ಹೆಕ್ಕಿ ತಿನ್ನುವ ದಡದ ಹಕ್ಕಿಗಳಿಗೆ ಅದೇ ಬಡಿಸಿದ ಎಲೆ. ಅದಕ್ಕಿಂತ ಮುಖ್ಯವಾದ ಇನ್ನೊಂದು ಕೆಲಸವನ್ನೂ ಅದು ಮಾಡುತ್ತದೆ. ಗಾಳಿಯಲ್ಲಿ ಹಾರಿ ಬರುವ ಮರಳು ಈ ಸಾಲಿಗೆ ತಡೆದು ನಿಲ್ಲುತ್ತದೆ, ಅಲ್ಲಿ ಬೀಜಗಳು ಮೊಳೆಯುತ್ತವೆ, ಆಡಿನ ಗೊರಸಿನಂಥ ಎಲೆಯೂ ನೇರಳೆ ಹೂವೂ ಇರುವ ಬಳ್ಳಿ ಹಬ್ಬುತ್ತದೆ, ಬಳ್ಳಿ ಇನ್ನಷ್ಟು ಮರಳನ್ನು ಹಿಡಿಯುತ್ತದೆ. ಮರಳುದಿಬ್ಬ ಹುಟ್ಟುವುದು ಹೀಗೆ. ದಿನವೂ ಕುಂಟೆ ಹೊಡೆದ ತೀರದಲ್ಲಿ ಹೊಸ ದಿಬ್ಬ ಏಳುವುದಿಲ್ಲ, ಹಳೆಯದು ಸವೆದರೆ ತುಂಬಿಕೊಳ್ಳುವುದೂ ಇಲ್ಲ. ಕರಪತ್ರದ ಹನ್ನೊಂದನೇ ಚಿತ್ರ ಅದೇ ದಿಬ್ಬದ್ದು ಎಂಬುದನ್ನು ಇಲ್ಲಿ ನೆನಪಿಸಬೇಕು.

ಎರಡನೇ ದಿನದ ಬೆಳಗ್ಗೆ ಟ್ರ್ಯಾಕ್ಟರಿಗಿಂತ ಮೊದಲೇ ನಾನು ತೀರಕ್ಕೆ ಇಳಿದಿದ್ದೆ. ನೀರಿನ ಅಂಚಿನಿಂದ ಮೇಲಕ್ಕೆ, ಅಗಲವಾದ ಚಕ್ರವೊಂದು ಉರುಳಿ ಬಂದಂತೆ, ಎರಡೂ ಬದಿಯಲ್ಲಿ ಒಂದಾದಮೇಲೊಂದು ಗೀರುಗಳಿರುವ ಜಾಡು ಕಾಣಿಸಿತು. ಕಡಲಾಮೆ ಮೇಲೆ ಬಂದ ಗುರುತು ಅದು. ಮೊದಲಿಗೆ ನೇರವಾಗಿ ಬಂದಿದೆ. ಮರದ ಒರಗುಕುರ್ಚಿಗಳ ಸಾಲಿನ ಹತ್ತಿರ ಬಂದು ಒಂದು ಕಾಲಿಗೆ ತಾಗಿ ನಿಂತಿದೆ. ಎಡಕ್ಕೆ ಹೊರಳಿ ಮೂರು ಕುರ್ಚಿಗಳಷ್ಟು ದೂರ ದಾರಿ ಹುಡುಕಿದೆ. ಆಮೇಲೆ ಅರ್ಧ ವರ್ತುಲ ತಿರುಗಿ ಕಡಲಿಗೇ ಮರಳಿದೆ. ಗುಂಡಿ ತೋಡಿರಲಿಲ್ಲ. ಹೆಣ್ಣಾಮೆಗಳು ಮೊಟ್ಟೆಯಿಡಲು ತಾವು ಹುಟ್ಟಿದ ತೀರದ ಆಸುಪಾಸಿಗೇ ಬರುವುದರಿಂದ, ಇಲ್ಲಿ ಜಾಗವಿಲ್ಲದಿದ್ದರೆ ಇನ್ನೊಂದು ಕಡೆ ಎಂಬ ಮಾತು ಅವುಗಳ ಮಟ್ಟಿಗೆ ಅಷ್ಟು ಸಲೀಸಲ್ಲ. ಅರ್ಧ ಗಂಟೆಯಲ್ಲಿ ಕುಂಟೆ ಬಂದು ಜಾಡನ್ನು ಅಳಿಸಿತು. ಆ ತೀರಕ್ಕೆ ಆಮೆ ಬರುತ್ತದೆಯೇ ಎಂದು ಒಂಬತ್ತಕ್ಕೆ ಏಳುವ ಅತಿಥಿಯನ್ನು ಕೇಳಿದರೆ ಅವನು ಪ್ರಾಮಾಣಿಕವಾಗಿಯೇ ಇಲ್ಲವೆನ್ನುತ್ತಾನೆ.

ಮೊಟ್ಟೆಯಿಟ್ಟಿದ್ದರೂ ಮುಂದಿನದು ಸುಲಭವಿರಲಿಲ್ಲ. ಮರಳಿನ ಶಾಖದಲ್ಲಿ ಸುಮಾರು 45ರಿಂದ 60 ದಿನಗಳಲ್ಲಿ ಒಡೆಯುವ ಮೊಟ್ಟೆಗಳಿಂದ ಮರಿಗಳು ಹೆಚ್ಚಾಗಿ ರಾತ್ರಿಯೇ ಹೊರಬಂದು, ಹಿಂದಿನ ದಿಬ್ಬದ ಕಪ್ಪು ಗೆರೆಗೆ ಬೆನ್ನು ಮಾಡಿ, ಎದುರಿಗೆ ಹೆಚ್ಚು ಬೆಳಕಾಗಿರುವ ಕೆಳಗಿನ ದಿಗಂತದತ್ತ ತೆವಳುತ್ತವೆ. ಕತ್ತಲ ತೀರದಲ್ಲಿ ಆ ಬೆಳಕು ಕಡಲಿನದು. ರೆಸಾರ್ಟಿನ ತೀರದಲ್ಲಿ ಅದು ನಾಲ್ಕು ಕಂಬಗಳ ಮೇಲೆ ಇಡೀ ರಾತ್ರಿ ಉರಿಯುವ ಫ್ಲಡ್‌ಲೈಟುಗಳದು. ಮರಿಗಳು ಕಟ್ಟಡದ ಕಡೆಗೆ ನಡೆದು, ಬೆಳಗಾಗುವಷ್ಟರಲ್ಲಿ ಬಳಲಿ, ನಾಯಿಗೋ ಹದ್ದಿಗೋ ಬಿಸಿಲಿಗೋ ಬಲಿಯಾಗುತ್ತವೆ. ಕೆಳಮುಖವಾಗಿ ಮುಚ್ಚಿದ, ಮಂದವಾದ ಕೆಂಬಣ್ಣದ ದೀಪಗಳನ್ನು ಹಾಕಿದರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆಂಬುದು ಎಷ್ಟೋ ವರ್ಷಗಳಿಂದ ಗೊತ್ತಿರುವ ಸಂಗತಿ. ನಾನು ಇದನ್ನು ಸ್ವಾಗತದ ಮೇಜಿನಲ್ಲಿ ಹೇಳಿದಾಗ, ಅತಿಥಿಗಳಿಗೆ ಕಡಲು ಕಾಣಬೇಕಲ್ಲವೇ ಎಂಬ ಉತ್ತರ ಬಂತು. ರಾತ್ರಿ ಫ್ಲಡ್‌ಲೈಟಿನ ಹಿಂದೆ ನಿಂತವನಿಗೆ ಕಾಣುವುದು ಬೆಳಕು ಬಿದ್ದ ಮರಳು ಮಾತ್ರ. ಅದರಾಚೆಗಿನ ಕಡಲು ಕಪ್ಪು ಗೋಡೆಯಂತಿರುತ್ತದೆ.

ಗೋಡೆಯೆಂದಾಗ ನಿಜವಾದ ಗೋಡೆಯ ವಿಷಯವನ್ನೂ ಹೇಳಬೇಕು. ಕೋಣೆಗಳ ಮುಂದಿನ ಹುಲ್ಲುಹಾಸು ಕುಸಿಯದಿರಲೆಂದು ತೀರದುದ್ದಕ್ಕೂ ಆಳೆತ್ತರದ ಕಾಂಕ್ರೀಟ್ ತಡೆಗೋಡೆ ಕಟ್ಟಿದ್ದಾರೆ. ಇಳಿಜಾರಾದ ಮರಳಿನ ಮೇಲೆ ಏರಿಬಂದ ಅಲೆಯ ಬಲ ಹರಡಿ ಇಂಗಿಹೋಗುತ್ತದೆ. ನೆಟ್ಟಗೆ ನಿಂತ ಗೋಡೆಗೆ ಬಡಿದಾಗ ಅದು ಹಿಂದಕ್ಕೆ ಚಿಮ್ಮಿ ಬುಡದ ಮರಳನ್ನು ಕೆದರಿಕೊಂಡು ಹೋಗುತ್ತದೆ. ಬಿರುಗಾಳಿಯ ದಿನಗಳಲ್ಲಿ ದಿಬ್ಬದಿಂದ ಮರಳನ್ನು ಕಿತ್ತು ನೀರಿನೊಳಗೆ ರಾಶಿ ಹಾಕುವ ಕಡಲು, ಶಾಂತವಾದ ತಿಂಗಳುಗಳಲ್ಲಿ ಅದನ್ನು ಮತ್ತೆ ದಡಕ್ಕೆ ತಂದಿಡುತ್ತದೆ. ಈ ಕೊಡುಕೊಳ್ಳುವಿಕೆಯ ನಡುವೆ ಗೋಡೆ ಬಂದರೆ ಖಾತೆಯಲ್ಲಿ ಖರ್ಚು ಮಾತ್ರ ಉಳಿಯುತ್ತದೆ. ಗೋಡೆಯಿಂದ ನೀರಿನವರೆಗೆ ನಾನು ಹೆಜ್ಜೆ ಹಾಕಿ ಅಳೆದಾಗ ಇಳಿತದ ಹೊತ್ತಿನಲ್ಲಿ ನಲವತ್ತೆರಡು ಹೆಜ್ಜೆ ಇತ್ತು, ಉಬ್ಬರದ ಹೊತ್ತಿನಲ್ಲಿ ಏಳು. ಗೋಡೆ ಮುಗಿಯುವ ತುದಿಯಲ್ಲಿ, ರೆಸಾರ್ಟಿಗೆ ಸೇರದ ಪಕ್ಕದ ಜಾಗದಲ್ಲಿ, ದಡ ಕಚ್ಚಿ ತೆಗೆದಂತೆ ಒಳಕ್ಕೆ ಸರಿದಿದೆ. ಎರಡು ಮರಗಳು ಬೇರು ಹೊರಚಾಚಿ ವಾಲಿ ನಿಂತಿವೆ. ಗೋಡೆ ಕಟ್ಟಿದವರ ನಷ್ಟವನ್ನು ಪಕ್ಕದವರು ತುಂಬುತ್ತಿದ್ದಾರೆಂದು ಹೇಳಲು ಅಷ್ಟೇ ಸಾಕ್ಷ್ಯ ಸಾಕು.

ಎರಡನೇ ಹಂತದ ಮಾದರಿಯನ್ನು ಸ್ವಾಗತಕೋಣೆಯ ನಡುವೆ ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದಾರೆ. ನೀಲಿ ಅಕ್ರಿಲಿಕ್ ಹಾಳೆಯ ಕಡಲು, ಹಸಿರು ಸ್ಪಂಜಿನ ಮರಗಳು, ದಡದುದ್ದಕ್ಕೂ ಬಿಳಿಯ ಐದಂತಸ್ತಿನ ಕಟ್ಟಡಗಳು, ಹಿಂದೆ ಗಾಲ್ಫ್ ಮೈದಾನ. ಮಾದರಿಯ ಅಳತೆಪಟ್ಟಿಯನ್ನು ನಂಬುವುದಾದರೆ ಅಲ್ಲಿನ ಮರಳತೀರ ಈಗಿರುವುದಕ್ಕಿಂತ ಎರಡು ಪಟ್ಟು ಅಗಲ. ಕುತೂಹಲದಿಂದ ಪರಿಸರ ಪರಿಣಾಮ ಮೌಲ್ಯಮಾಪನದ ವರದಿಯನ್ನು ಕೇಳಿದೆ. ಸಾರ್ವಜನಿಕರಿಗೆ ತೆರೆದಿಡಬೇಕಾದ ದಾಖಲೆಯಾದ್ದರಿಂದ ಅವರು ಕೊಡದೆ ಇರಲಿಲ್ಲ. ದಪ್ಪನೆಯ ಎರಡು ಸಂಪುಟ ಬಂತು. ಮೂರನೇ ದಿನವನ್ನು ನಾನು ಬೆತ್ತದ ಕುರ್ಚಿಯಲ್ಲಿ ಕುಳಿತು ಅದನ್ನು ಓದುವುದರಲ್ಲೇ ಕಳೆದೆ. ರಜೆಯ ದಿನವನ್ನು ಹೀಗೆ ಕಳೆದವನೆಂದು ಮನೆಯವರು ಈಗಲೂ ನಗುತ್ತಾರೆ.

ವರದಿಯೂ ಹಣ ಕೊಟ್ಟು ಪಡೆದ ಸೇವೆಯೇ ಆದ್ದರಿಂದ ಅದನ್ನೂ ವಿಮರ್ಶಿಸಬಹುದು. ಮುದ್ರಣ ಅಚ್ಚುಕಟ್ಟು, ನಕ್ಷೆಗಳಿಗೆ ಬಣ್ಣ ಧಾರಾಳ. ಜೀವಿಗಳ ಪಟ್ಟಿಯಲ್ಲಿ ಬೆಟ್ಟದ ತಣ್ಣನೆಯ ತೊರೆಗಳಲ್ಲಿ ಮಾತ್ರ ಬದುಕುವ ಮೀನೊಂದರ ಹೆಸರಿದೆ. ಇನ್ನೆಲ್ಲಿಗೋ ಬರೆದ ವರದಿಯ ಪುಟ ಇಲ್ಲಿಗೆ ಬಂದು ಕುಳಿತಿರಬೇಕು. ಕ್ಷೇತ್ರಸಮೀಕ್ಷೆ ನಡೆದದ್ದು ಒಂದೇ ಋತುವಿನ ಕೆಲವು ದಿನ, ಅದೂ ಆಮೆಗಳು ಮೊಟ್ಟೆಯಿಡದ ತಿಂಗಳಲ್ಲಿ. 'ಸಮೀಕ್ಷೆಯ ಅವಧಿಯಲ್ಲಿ ಕಂಡುಬಂದಿಲ್ಲ' ಎಂಬ ವಾಕ್ಯ ನಾಲ್ಕು ಪುಟ ದಾಟುವಷ್ಟರಲ್ಲಿ 'ಈ ಪ್ರದೇಶದಲ್ಲಿ ಇಲ್ಲ' ಎಂದಾಗಿದೆ. ಮೊದಲ ಹಂತದ ಗೋಡೆ, ದೀಪ, ಕೊಳವೆಬಾವಿಗಳು ಈಗಾಗಲೇ ಮಾಡಿರುವುದನ್ನು ಎರಡನೆಯದರ ಜೊತೆ ಕೂಡಿಸಿ ನೋಡುವ ಅಧ್ಯಾಯವೇ ಇಲ್ಲ. ಯೋಜನೆಯನ್ನು ತುಂಡು ತುಂಡಾಗಿ ತಂದರೆ ಪ್ರತಿ ತುಂಡೂ ಚಿಕ್ಕದಾಗಿ ಕಾಣುತ್ತದೆಂಬುದು ಹಳೆಯ ಉಪಾಯ.

ವರದಿ ಹಳಸಿದರೂ ಅನುಮತಿ ತಾಜಾ ಇರುತ್ತದೆಂಬ ನಂಬಿಕೆಯೂ ಹಾಗೆಯೇ. ಹವಾಯಿಯ ಓಆಹು ದ್ವೀಪದಲ್ಲಿ ಟರ್ಟಲ್ ಬೇ ಎಂಬಲ್ಲಿ ಸಾವಿರಾರು ಕೋಣೆಗಳ ವಿಸ್ತರಣೆಗೆ 1985ರಲ್ಲಿ ಬರೆದಿಟ್ಟ ಪರಿಣಾಮ ವರದಿಯನ್ನೇ ಎರಡು ದಶಕಗಳ ಮೇಲೂ ಆಧಾರವಾಗಿ ಮುಂದಿಟ್ಟಾಗ ಜನ ನ್ಯಾಯಾಲಯಕ್ಕೆ ಹೋದರು. ಅಷ್ಟರಲ್ಲಿ ರಸ್ತೆಗಳ ಸಂಚಾರ ಬೆಳೆದಿತ್ತು, ಅಳಿವಿನಂಚಿನ ಮಾಂಕ್ ಸೀಲುಗಳೂ ಹಸಿರು ಕಡಲಾಮೆಗಳೂ ಆ ತೀರವನ್ನು ಬಳಸತೊಡಗಿದ್ದವು. ಪೂರಕ ವರದಿಯಿಲ್ಲದೆ ಮುಂದುವರಿಯುವಂತಿಲ್ಲವೆಂದು 2010ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟು ತೀರ್ಪಿತ್ತಿತು. 2015ರ ಒಪ್ಪಂದದಲ್ಲಿ 600ಕ್ಕೂ ಹೆಚ್ಚು ಎಕರೆ ತೆರೆದ ಜಾಗ ಸಂರಕ್ಷಣೆಗೆ ಒಳಪಟ್ಟಿತು. ಅಲ್ಲಿ ಮೊದಲಿದ್ದ ಹೋಟೆಲು ಈಗಲೂ ನಡೆಯುತ್ತಿದೆ. ವಿರೋಧಿಸಿದವರು ಅದನ್ನು ಮುಚ್ಚಿಸಲು ಹೊರಟಿರಲಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು 'ಸಾಂಸ್ಕೃತಿಕ ಸಂಪನ್ಮೂಲಗಳು' ಎಂಬ ಅಧ್ಯಾಯ. ಎರಡು ಸಂಪುಟಗಳ ನಡುವೆ ಅದಕ್ಕೆ ದಕ್ಕಿರುವುದು ಅರ್ಧ ಪುಟ, ಅದರ ಸಾರ ಒಂದೇ ವಾಕ್ಯ: ಯೋಜನೆಯ ಗಡಿಯೊಳಗೆ ಸಂರಕ್ಷಿತ ಸ್ಮಾರಕಗಳಿಲ್ಲ. ಪಟ್ಟಿಯಲ್ಲಿ ಹೆಸರಿಲ್ಲದ್ದು ಇಲ್ಲವೇ ಇಲ್ಲವೆಂಬ ತರ್ಕ ಇದು. ಗಾಲ್ಫ್ ಮೈದಾನವೆಂದು ಹಸಿರು ಬಳಿದಿರುವ ದಿಬ್ಬದ ಹಿಂದೆ, ತಲೆಮಾರುಗಳಿಂದ ಮೀನುಗಾರ ಕುಟುಂಬಗಳು ತಮ್ಮವರನ್ನು ಮಣ್ಣು ಮಾಡಿದ ಜಾಗವಿದೆ. ಕಲ್ಲುಗಳ ಮೇಲೆ ಅಕ್ಷರಗಳಿಲ್ಲ. ತಲೆಯ ಕಡೆ ಒಂದು, ಕಾಲ ಕಡೆ ಒಂದು ಗುಂಡುಕಲ್ಲು, ಅಷ್ಟೆ. ಕೆಲವು ಅರ್ಧ ಮರಳಿನಲ್ಲಿ ಹೂತಿವೆ. ಸಮೀಕ್ಷೆಗೆ ಬಂದವರು ಅವುಗಳನ್ನು ದಾಟಿಯೇ ಹೋಗಿರಬೇಕು, ದಿಬ್ಬಕ್ಕೆ ಬೇರೆ ದಾರಿಯಿಲ್ಲ.

ಹವಾಯಿಯದೇ ಮಾವಿ ದ್ವೀಪದ ಹೊನೊಕಹುವಾದಲ್ಲಿ ನಡೆದದ್ದು ಇಲ್ಲಿ ಪ್ರಸ್ತುತವಾಗುತ್ತದೆ. ತೀರದ ಮರಳುದಿಬ್ಬದಲ್ಲಿ ದೊಡ್ಡ ಹೋಟೆಲಿಗೆ ಜಾಗ ಮಾಡಲು 1987ರಲ್ಲಿ ಅಗೆತ ಶುರುವಾದಾಗ ಮೂಲನಿವಾಸಿಗಳ ಪೂರ್ವಿಕರ ಅಸ್ಥಿಗಳು ಸಿಗತೊಡಗಿದವು. 800ಕ್ಕೂ ಹೆಚ್ಚು ಸಮಾಧಿಗಳನ್ನು ತೆರೆದ ಮೇಲೆ, 1988ರ ಡಿಸೆಂಬರಿನಲ್ಲಿ, ಜನರ ಪ್ರತಿಭಟನೆಗೆ ಮಣಿದು ಅಗೆತ ನಿಂತಿತು. ಹೋಟೆಲನ್ನು ದಿಬ್ಬದಿಂದ ಒಳನಾಡಿನ ಕಡೆಗೆ ಸರಿಸಿ ಕಟ್ಟಿದರು, ಅಸ್ಥಿಗಳನ್ನು ಅದೇ ಮರಳಿಗೆ ಹಿಂತಿರುಗಿಸಿದರು. 1990ರಲ್ಲಿ ಬಂದ ಕಾನೂನು ಪ್ರತಿ ದ್ವೀಪದ ಸಮಾಧಿಗಳ ಬಗ್ಗೆ ತೀರ್ಮಾನಿಸುವ ಮಂಡಳಿಗಳಲ್ಲಿ ಅಲ್ಲಿನ ಜನರಿಗೇ ಸ್ಥಾನ ಕೊಟ್ಟಿತು. ಹೋಟೆಲು ಸರಿಯಬಲ್ಲದು ಎಂಬುದನ್ನು ಗಮನಿಸಬೇಕು. ನಕ್ಷೆಯಲ್ಲಿ ಗೆರೆಯನ್ನು ಅತ್ತ ಎಳೆದರಾಯಿತು. ಸಮಾಧಿಯನ್ನು ಹಾಗೆ ಎಳೆಯಲಾಗದು. ಆದರೆ ಅಲ್ಲಿ ಆ ತೀರ್ಮಾನಕ್ಕೆ ಬರುವಷ್ಟರಲ್ಲಿ ಎಂಟುನೂರು ಗೋರಿಗಳು ಕದಡಿದ್ದವು. ಸಮೀಕ್ಷೆಗೆ ಮುನ್ನ ದಡದ ನಾಲ್ಕು ಹಿರಿಯರನ್ನು ಕೇಳುವುದಕ್ಕೆ ಹಿಡಿಯುವ ಸಮಯ ಒಂದು ಸಂಜೆ.

ಹಾಗೊಂದು ಸಂಜೆ ನಾನು ಬಲೆ ಹೊಲಿಯುತ್ತಿದ್ದ ಹಿರಿಯರೊಬ್ಬರ ಬಳಿ ಕುಳಿತಿದ್ದೆ. ನೀರಿನಡಿಯ ಬಂಡೆಗಳನ್ನು ಅವರು ಗುರುತಿಸುವುದು ದಡವನ್ನು ನೋಡಿ: ದಿಬ್ಬದ ಮೇಲಿನ ಒಂಟಿಮರ ಹಿಂದಿನ ಗುಡ್ಡದ ಬೋಳುನೆತ್ತಿಯ ನೇರಕ್ಕೆ ಬರಬೇಕು, ಬಲಗಡೆ ನದಿಯ ಬಾಯಿ ಆಗತಾನೇ ತೆರೆದುಕೊಂಡಿರಬೇಕು, ಆ ಎರಡು ಗೆರೆಗಳು ಕೂಡುವಲ್ಲಿ ಬಂಡೆ, ಬಂಡೆಯ ಸುತ್ತ ಮೀನು. ಪ್ರತಿ ಬಂಡೆಗೂ ಒಂದು ಹೆಸರು, ಕೆಲವು ಹೆಸರುಗಳ ಅರ್ಥ ಅವರಿಗೂ ತಿಳಿಯದಷ್ಟು ಹಳತು. ಈಗ ಯಂತ್ರವಿದೆಯಲ್ಲ ಎಂದು ಕೇಳಿದೆ. "ಮಂಜು ಕವಿದ ದಿನ ಯಂತ್ರ ನೋಡುತ್ತೇವೆ. ಉಳಿದ ದಿನ ಮರ ನೋಡುತ್ತೇವೆ" ಎಂದರು, ಸೂಜಿಯಿಂದ ಕಣ್ಣೆತ್ತದೆ. ಐದಂತಸ್ತಿನ ಕಟ್ಟಡಗಳ ಸಾಲು ಎದ್ದರೆ ಕಡಲ ಮೇಲಿನಿಂದ ಆ ಮರವೂ ಕಾಣದು, ಗುಡ್ಡದ ನೆತ್ತಿಯೂ ಕಾಣದು. ಬಂಡೆಗಳ ಹೆಸರುಗಳು ಎಲ್ಲೂ ಬರೆದಿಟ್ಟವಲ್ಲ, ಗೆರೆ ಕಾಣುವವರೆಗೆ ಬಾಯಲ್ಲಿ ಉಳಿದಿರುತ್ತವೆ. ವರದಿಯ 'ದೃಶ್ಯ ಪರಿಣಾಮ' ಎಂಬ ಭಾಗ ದಡದಿಂದ ಕಡಲು ಹೇಗೆ ಕಾಣುತ್ತದೆಂದು ಮಾತ್ರ ಅಳೆದಿದೆ, ಕಡಲಿನಿಂದ ದಡ ಹೇಗೆ ಕಾಣುತ್ತದೆಂದು ಅಲ್ಲ.

ನೀರಿನ ವಿಷಯವನ್ನು ಚಿಕ್ಕದಾಗಿ ಹೇಳುತ್ತೇನೆ. ಮೂರನೇ ದಿನ ನಲ್ಲಿಯ ನೀರು ಸ್ವಲ್ಪ ಉಪ್ಪುಪ್ಪೆನಿಸಿತು. ತೀರದ ಮರಳಿನಡಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುವ ಪದರವಾಗಿ ನಿಂತಿರುತ್ತದೆ. ಸಮುದ್ರಮಟ್ಟದಿಂದ ಮೇಲೆ ಒಂದು ಮೀಟರು ಸಿಹಿನೀರಿದ್ದರೆ ಕೆಳಗೆ ಸುಮಾರು 40 ಮೀಟರು ಇರುತ್ತದೆಂಬುದು ಗೈಬೆನ್–ಹೆರ್ಜ್‌ಬರ್ಗ್ ಸೂತ್ರ. ಅದನ್ನೇ ತಿರುಗಿಸಿ ಓದಿದರೆ, ಮೇಲಿನ ಮಟ್ಟ ಒಂದು ಮೀಟರು ಇಳಿದಾಗ ಕೆಳಗಿನ ಉಪ್ಪು ಕಾಲಕ್ರಮದಲ್ಲಿ 40 ಮೀಟರು ಏರಬಹುದು. ಗಾಲ್ಫ್ ಮೈದಾನಕ್ಕೆ ನೀರನ್ನು ಕೊಳವೆಬಾವಿಗಳಿಂದಲೇ ಎತ್ತುವುದಾಗಿ ವರದಿ ಹೇಳುತ್ತದೆ. ರೆಸಾರ್ಟಿಗೆ ಟ್ಯಾಂಕರು ಬರುತ್ತದೆ; ಹಿಂದಿನ ಮನೆಗಳಿಗಿರುವುದು ಬಾವಿ.

ಕೆಲಸ ಸಿಗುತ್ತದಲ್ಲ ಎಂಬ ವಾದವನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ನನ್ನ ಸಾಮಾನು ಹೊತ್ತ ಹುಡುಗ ಅದೇ ಮೀನುಗಾರ ಕೇರಿಯವನು; ತಿಂಗಳ ಸಂಬಳ ಬರುವುದು ಅವನ ಮನೆಯಲ್ಲಿ ಅವನಿಗೇ ಮೊದಲು. ಅವನೆದುರು ಆಮೆಯ ಜಾಡಿನ ಬಗ್ಗೆ ಮಾತನಾಡುವಾಗ ನನಗೆ ಮುಜುಗರವೂ ಆಯಿತು. ಆದರೆ ತೀರವನ್ನೇ ಸವೆಸುವ ಉದ್ಯೋಗ ಎಷ್ಟು ವರ್ಷದ್ದೆಂಬ ಪ್ರಶ್ನೆಯನ್ನು ಅವನ ಪರವಾಗಿಯೇ ಕೇಳಬೇಕಾಗುತ್ತದೆ. ಫಿಲಿಪ್ಪೀನ್ಸಿನ ಬೊರಾಕಾಯ್ ದ್ವೀಪದಲ್ಲಿ ಕೊಳಚೆ ನೇರವಾಗಿ ಕಡಲಿಗೆ ಹರಿದು, ಕಟ್ಟಡಗಳು ದಡವನ್ನೂ ಜೌಗನ್ನೂ ಒತ್ತುವರಿ ಮಾಡಿದ ಮೇಲೆ, ಸರ್ಕಾರ 2018ರ ಏಪ್ರಿಲ್ 26ರಿಂದ ಆರು ತಿಂಗಳು ಇಡೀ ದ್ವೀಪವನ್ನು ಪ್ರವಾಸಿಗಳಿಗೆ ಮುಚ್ಚಬೇಕಾಯಿತು. ಮೊದಲು ಕೆಲಸ ಕಳೆದುಕೊಂಡವರು ಇಂಥ ಹುಡುಗರೇ. ಕೇರಳದ ವೇಂಬನಾಡು ಹಿನ್ನೀರಿನ ನೆಡಿಯತುರುತ್ತು ದ್ವೀಪದಲ್ಲಿ 54 ವಿಲ್ಲಾಗಳ ರೆಸಾರ್ಟು ಎದ್ದಾಗ, ಕಂಬ ನೆಟ್ಟು ಬಲೆ ಕಟ್ಟುವ ಜಾಗ ಕಳೆದುಕೊಂಡ ಮೀನುಗಾರರು ನ್ಯಾಯಾಲಯಕ್ಕೆ ಹೋದರು. ಕರಾವಳಿ ನಿಯಂತ್ರಣ ವಲಯದ ನಿಯಮ ಮೀರಿದ ಕಟ್ಟಡಗಳನ್ನು ಕೆಡವುವಂತೆ 2013ರಲ್ಲಿ ಹೈಕೋರ್ಟು ಹೇಳಿತು, 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು, ಕೆಡವುವ ಕೆಲಸ ಶುರುವಾದದ್ದು 2022ರಲ್ಲಿ. ಸ್ಪೇನಿನ ಕಾಬೊ ದೆ ಗಾತಾ ರಕ್ಷಿತ ಪ್ರದೇಶದ ಎಲ್ ಅಲ್ಗರೊಬಿಕೊ ತೀರದಲ್ಲಿ 411 ಕೋಣೆಗಳ ಹೋಟೆಲು ಇನ್ನೇನು ಮುಗಿಯಿತೆನ್ನುವಾಗ 2006ರಲ್ಲಿ ನ್ಯಾಯಾಲಯ ತಡೆಯೊಡ್ಡಿತು. ಒಬ್ಬ ಅತಿಥಿಯೂ ಮಲಗದ ಆ ಬಿಳಿಯ ಕಟ್ಟಡ ನಂತರ ವರ್ಷಗಟ್ಟಲೆ ಗುಡ್ಡಕ್ಕೆ ಅಂಟಿಕೊಂಡೇ ನಿಂತಿತು. ಕಟ್ಟಿದ ಮೇಲೆ ಗೆಲ್ಲುವ ಮೊಕದ್ದಮೆ ಅರ್ಧ ಸೋತ ಮೊಕದ್ದಮೆಯೇ. ಆಕ್ಷೇಪಣೆಗೆ ಸರಿಯಾದ ಹೊತ್ತು ಗಾಜಿನ ಪೆಟ್ಟಿಗೆಯಲ್ಲಿ ಮಾದರಿ ಮಾತ್ರ ಇರುವ ಹೊತ್ತು.

ಮೆಕ್ಸಿಕೊದ ಕಾಬೊ ಪುಲ್ಮೊದಲ್ಲಿ ಆ ಹೊತ್ತನ್ನು ಜನ ಕಳೆದುಕೊಳ್ಳಲಿಲ್ಲ. ಹವಳದ ದಿಬ್ಬದ ಮೇಲೆ ಮೀನು ಬರಿದಾಗುತ್ತಿದ್ದುದನ್ನು ಕಂಡ ಅಲ್ಲಿನ ಮೀನುಗಾರ ಕುಟುಂಬಗಳೇ ಒತ್ತಾಯಿಸಿದ್ದರಿಂದ 1995ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. 1999ರಿಂದ 2009ರ ನಡುವೆ ಅಲ್ಲಿನ ಮೀನುಗಳ ಒಟ್ಟು ತೂಕ ಶೇಕಡಾ 463ರಷ್ಟು ಹೆಚ್ಚಿತೆಂದು ವಿಜ್ಞಾನಿಗಳು ಅಳೆದು ಹೇಳಿದ್ದಾರೆ. ಅದರ ಮಗ್ಗುಲಲ್ಲೇ ಸಾವಿರಾರು ಕೋಣೆ, ಗಾಲ್ಫ್ ಮೈದಾನ, ದೋಣಿ ನಿಲ್ದಾಣಗಳ ಯೋಜನೆ ಬಂದಾಗ ಊರವರೂ ವಿಜ್ಞಾನಿಗಳೂ ಕೂಡಿ ವಿರೋಧಿಸಿದರು, 2012ರ ಜೂನಿನಲ್ಲಿ ಅಧ್ಯಕ್ಷ ಫೆಲಿಪೆ ಕಾಲ್ದೆರೋನ್ ಅದನ್ನು ರದ್ದುಪಡಿಸಿದರು. ಅಲ್ಲೀಗ ಮೀನುಗಾರರ ಮಕ್ಕಳು ಮುಳುಗುಗಾರರಿಗೆ ದಾರಿ ತೋರಿಸಿ ಬದುಕುತ್ತಿದ್ದಾರೆ. ಪ್ರವಾಸವೂ ಉದ್ಯೋಗವೂ ಎರಡೂ ಅಲ್ಲಿ ಇವೆ.

ಆದ್ದರಿಂದ ನನ್ನ ಆಕ್ಷೇಪಣೆ ಕಡಲ ಬಳಿ ಯಾರೂ ತಂಗಬಾರದೆಂದಲ್ಲ. ಮೊದಲ ಹಂತ ಇರಲಿ. ಅದರ ದೀಪಗಳು ತಗ್ಗಲಿ, ಕುಂಟೆ ನಿಲ್ಲಲಿ, ಆಮೆಗಳ ಋತುವಿನಲ್ಲಿ ಕುರ್ಚಿಗಳು ಸಂಜೆಯೇ ಒಳಗೆ ಹೋಗಲಿ. ಎರಡನೇ ಹಂತ ಮಾತ್ರ ದಿಬ್ಬದ ಮೇಲೂ ಸಮಾಧಿಗಳ ಮೇಲೂ ಬೇಡ, ಮತ್ತು ಎಲ್ಲ ಋತುಗಳನ್ನೂ ನೋಡದ ಈ ವರದಿಯ ಬಲದ ಮೇಲಂತೂ ಬೇಡ. ಕೋಣೆ ಕಾದಿರಿಸುವ ಮುನ್ನ ಓದುಗರು ಯಾವ ರೆಸಾರ್ಟಿಗಾದರೂ ಫೋನು ಮಾಡಿ ಮೂರು ಸಂಗತಿ ಕೇಳಬಹುದು: ಉಬ್ಬರದ ಗೆರೆಯಿಂದ ಕಟ್ಟಡ ಎಷ್ಟು ದೂರ, ರಾತ್ರಿ ತೀರದ ದೀಪ ಆರುತ್ತದೆಯೇ, ದೋಣಿಯವರು ರೆಸಾರ್ಟಿನ ಮುಂದೆ ದಡಕ್ಕೆ ಬರಬಹುದೇ. ಉತ್ತರಕ್ಕಿಂತಲೂ, ಉತ್ತರಿಸಲು ಎಷ್ಟು ತಡವರಿಸುತ್ತಾರೆಂಬುದರಿಂದ ಹೆಚ್ಚು ತಿಳಿಯುತ್ತದೆ.

ಕೋಣೆ ಬಿಡುವಾಗ ಅಭಿಪ್ರಾಯಪತ್ರ ಕೊಟ್ಟರು. ಹದಿನಾಲ್ಕು ಪ್ರಶ್ನೆಗಳಿದ್ದವು, ದಿಂಬಿನ ಎತ್ತರದ ಬಗ್ಗೆಯೂ ಒಂದು. ತೀರದ ಬಗ್ಗೆ ಯಾವುದೂ ಇರಲಿಲ್ಲ. ಕೇಳಿದ್ದಕ್ಕೆಲ್ಲ ಉತ್ತರ ತುಂಬಿ, ಹಾಳೆಯ ಹಿಂಬದಿಯಲ್ಲಿ ದೀಪ, ಗೋಡೆ, ಗುಂಡುಕಲ್ಲುಗಳ ಬಗ್ಗೆ ಬರೆದು, ಆಕ್ಷೇಪಣೆಯ ಪ್ರತಿಯೊಂದನ್ನು ಪಿನ್ನು ಮಾಡಿ ಮೇಜಿನ ಮೇಲಿಟ್ಟೆ. ಅಲ್ಲಿದ್ದ ಯುವತಿ ಎರಡೂ ಬದಿ ತಿರುಗಿಸಿ ನಿಧಾನವಾಗಿ ಓದಿದರು. "ಸರ್, ಕಂಪ್ಯೂಟರಿನಲ್ಲಿ ಇದನ್ನು ಯಾವ ವಿಭಾಗಕ್ಕೆ ಹಾಕಲಿ?" ಎಂದು ಕೇಳಿದರು. ಪರದೆಯನ್ನು ನನ್ನ ಕಡೆ ತಿರುಗಿಸಿದ್ದರು: ಕೋಣೆ, ಸೇವೆ, ಸ್ವಚ್ಛತೆ, ಈಜುಕೊಳ, ಇತರೆ. ಇತರೆಗೆ ಹಾಕಿ ಎಂದೆ.